ಗೆರೆ ಎಲ್ಲಿದೆ? ಗಾಳಿ ಮತ್ತು ನೀರು ಸೇರುವ ಜಾಗವನ್ನು ಲೆಕ್ಕ ಹಾಕುವ ಕಷ್ಟ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಗಾಜಿನ ಬಾಟಲಿ ಇಟ್ಟಿದ್ದೇನೆ. ಅರ್ಧ ನೀರು, ಅರ್ಧ ಗಾಳಿ, ಮುಚ್ಚಳ ಬಿಗಿಯಾಗಿದೆ. ಈಗ ಇದನ್ನು ಒಮ್ಮೆ ಜೋರಾಗಿ ಕುಲುಕುತ್ತೇನೆ. ನೋಡಿದಿರಾ? ಹೆಚ್ಚೆಂದರೆ ಒಂದು ಸೆಕೆಂಡು. ಅಷ್ಟರೊಳಗೆ ನೀರು ಗಾಜಿಗೆ ಬಡಿದು ಹಾಳೆಯ ಹಾಗೆ ಹರಡಿತು. ಹಾಳೆ ಹರಿದು ಎಳೆಗಳಾಯಿತು, ಎಳೆಗಳು ತುಂಡಾಗಿ ಹನಿಗಳಾದವು, ಹನಿಗಳು ವಾಪಸ್ಸು ನೀರಿಗೆ ಬೀಳುವಾಗ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋದವು, ಆ ಗಾಳಿ ಗುಳ್ಳೆಗಳಾಗಿ ಮೇಲೆದ್ದು ಒಡೆಯಿತು. ಈ ಒಂದು ಸೆಕೆಂಡನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಬಹುದೇ? ಇವತ್ತಿನ ಮಾತು ಅಷ್ಟೇ. ಬಾಟಲಿ ಇಲ್ಲೇ ಇರಲಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ನೀರಿಗೊಂದು ಸಮೀಕರಣ, ಗಾಳಿಗೆ ಇನ್ನೊಂದು ಎಂದು ಹಲವರು ಅಂದುಕೊಂಡಿರುತ್ತಾರೆ. ಎರಡಕ್ಕೂ ಒಂದೇ ಸಾಕು. 1822ರಲ್ಲಿ ಫ್ರಾನ್ಸಿನ ನೇವಿಯರ್ ಮೊದಲ ರೂಪ ಕೊಟ್ಟರು, 1845ರಲ್ಲಿ ಸ್ಟೋಕ್ಸ್ ಅದನ್ನು ಗಟ್ಟಿ ತಳಹದಿಯ ಮೇಲೆ ನಿಲ್ಲಿಸಿದರು. ನ್ಯೂಟನ್ನನ ಎರಡನೆಯ ನಿಯಮವನ್ನೇ ಹರಿಯುವ ವಸ್ತುವಿಗೆ ಒಗ್ಗಿಸಿ ಬರೆದ ಸಮೀಕರಣ ಅದು. ನೀರಿಗೆ ಬಳಸುವಾಗ ನೀರಿನ ಸಾಂದ್ರತೆ ಮತ್ತು ಸ್ನಿಗ್ಧತೆ ಹಾಕುತ್ತೇವೆ, ಗಾಳಿಗೆ ಗಾಳಿಯದ್ದು. ನಿಯಮ 180 ವರ್ಷಗಳಿಂದ ಕೈಯಲ್ಲಿದೆ. ಹಾಗಿದ್ದೂ ಒಂದು ಬಾಟಲಿ ನೀರು ನಮ್ಮನ್ನು ಇಷ್ಟು ಸತಾಯಿಸುವುದು ಯಾಕೆ?

ನೀರಿನ ಒಳಗೆ ಏನಾಗುತ್ತದೆ ಎಂಬುದು ಒಂದು ಬಗೆಯ ಕಷ್ಟ, ಗಾಳಿಯ ಒಳಗೆ ಏನಾಗುತ್ತದೆ ಎಂಬುದು ಇನ್ನೊಂದು ಬಗೆಯದು. ಈ ಎರಡಕ್ಕೂ ಒಗ್ಗಿಕೊಂಡಿದ್ದೇವೆ. ನಿಜವಾಗಿ ಕೈಕೊಡುವುದು ಎರಡೂ ಮುಟ್ಟುವ ಗೆರೆ. ಆ ಗೆರೆಯ ಈಚೆ ಒಂದು ಘನ ಮೀಟರಿಗೆ ಸುಮಾರು 1000 ಕಿಲೋ ತೂಕ, ಆಚೆ 1.2 ಕಿಲೋ. 830 ಪಟ್ಟಿನಷ್ಟು ಅಂತರ. ಸ್ನಿಗ್ಧತೆಯಲ್ಲಿ ಸುಮಾರು 55 ಪಟ್ಟು. ಈ ಬದಲಾವಣೆ ಮೆಲ್ಲಗೆ ಆಗುವುದಿಲ್ಲ. ಕೆಲವೇ ಅಣುಗಳ ದಪ್ಪದಲ್ಲಿ ಮುಗಿದುಹೋಗುತ್ತದೆ. ಬಾಟಲಿಯ ಅಳತೆಯಲ್ಲಿ ನೋಡಿದರೆ ಅದಕ್ಕೆ ದಪ್ಪವೇ ಇಲ್ಲ ಎನ್ನಬೇಕು. ಅದರ ಮೇಲೆ, ಗೆರೆ ಎಲ್ಲಿದೆ ಎಂದು ಯಾರೂ ನಮಗೆ ಮೊದಲೇ ಹೇಳಿರುವುದಿಲ್ಲ. ಹರಿವು ಗೊತ್ತಾದರೆ ಗೆರೆ ಎಲ್ಲಿಗೆ ಸರಿಯಿತು ಎಂದು ಹೇಳಬಹುದು, ಗೆರೆ ಗೊತ್ತಾದರೆ ಹರಿವನ್ನು ಹೇಳಬಹುದು. ಒಂದರ ಉತ್ತರ ಇನ್ನೊಂದರ ಪ್ರಶ್ನೆಯಲ್ಲಿದೆ.

ಕಂಪ್ಯೂಟರಿಗೆ ಗೆರೆ ಎಂಬುದೇ ತಿಳಿಯದು. ಅದಕ್ಕೆ ತಿಳಿಯುವುದು ಮನೆಗಳು. ಚದುರಂಗದ ಹಲಗೆಯ ಮೇಲೆ ಮನೆಗಳಿರುತ್ತವಲ್ಲ, ಹಾಗೆ ನಾವು ಬಾಟಲಿಯ ಒಳಗನ್ನು ಪುಟ್ಟ ಪುಟ್ಟ ಘನಾಕಾರದ ಮನೆಗಳಾಗಿ ಕತ್ತರಿಸುತ್ತೇವೆ. ಪ್ರತಿ ಮನೆಗೂ ಒಂದು ವೇಗ, ಒಂದು ಒತ್ತಡ. ಕಾಲವನ್ನೂ ಹೆಜ್ಜೆಗಳಾಗಿ ಕತ್ತರಿಸುತ್ತೇವೆ. ಪ್ರತಿ ಹೆಜ್ಜೆಗೂ ಪ್ರತಿ ಮನೆ ತನ್ನ ನೆರೆಮನೆಗಳನ್ನು ಕೇಳಿ ತನ್ನ ಸಂಖ್ಯೆಗಳನ್ನು ತಿದ್ದಿಕೊಳ್ಳುತ್ತದೆ. ಈಗ ದಪ್ಪವಿಲ್ಲದ ಒಂದು ಗೆರೆಯನ್ನು ಈ ಮನೆಗಳೊಳಗೆ ಕೂರಿಸುವುದು ಹೇಗೆ?

ಮೊದಲ ಉತ್ತರ ಸರಳವಾಗಿತ್ತು. 1965ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಹಾರ್ಲೋ ಮತ್ತು ವೆಲ್ಚ್ ಎಂಬ ಇಬ್ಬರು ನೀರಿನಲ್ಲಿ ತೂಕವಿಲ್ಲದ ಗುರುತಿನ ಚುಕ್ಕೆಗಳನ್ನು ಹರಡಿದರು, ಲೆಕ್ಕದಲ್ಲಿ ಮಾತ್ರ ಇರುವ ಚುಕ್ಕೆಗಳು. ಹೊಳೆಯಲ್ಲಿ ಬಿದ್ದ ತರಗೆಲೆಯ ಹಾಗೆ ಅವು ಹರಿವಿನ ಜೊತೆ ಹೋಗುತ್ತವೆ. ಚುಕ್ಕೆ ಇರುವ ಮನೆಯಲ್ಲಿ ನೀರಿದೆ, ಇಲ್ಲದ ಮನೆ ಖಾಲಿ. ಖಾಲಿ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ: ಆ ಲೆಕ್ಕದಲ್ಲಿ ಗಾಳಿ ಇರಲೇ ಇಲ್ಲ.

1981ರಲ್ಲಿ ಹರ್ಟ್ ಮತ್ತು ನಿಕಲ್ಸ್ ಪ್ರಕಟಿಸಿದ ವಿಧಾನ ಇವತ್ತಿಗೂ ಈ ಕ್ಷೇತ್ರದ ಬೆನ್ನೆಲುಬು. ಚುಕ್ಕೆಗಳ ಬದಲು ಪ್ರತಿ ಮನೆಗೂ 0ಯಿಂದ 1ರವರೆಗಿನ ಒಂದು ಸಂಖ್ಯೆ. 1 ಎಂದರೆ ಮನೆ ತುಂಬ ನೀರು, 0 ಎಂದರೆ ಬರೀ ಗಾಳಿ, 0.3 ಎಂದರೆ ನೂರಕ್ಕೆ ಮೂವತ್ತು ಪಾಲು ನೀರು. ಆದರೆ ಆ ಮೂವತ್ತು ಪಾಲು ಮನೆಯ ಯಾವ ಮೂಲೆಯಲ್ಲಿದೆ? ಸಂಖ್ಯೆ ಅದನ್ನು ಹೇಳುವುದಿಲ್ಲ. ಹೊಗೆಯನ್ನು ಸಾಗಿಸಿದಂತೆ ಈ ಸಂಖ್ಯೆಯನ್ನೂ ಮನೆಯಿಂದ ಮನೆಗೆ ಸಾಗಿಸಿದರೆ ನಾಲ್ಕು ಹೆಜ್ಜೆಯಲ್ಲಿ ಗೆರೆ ಕದಡಿಹೋಗಿ, ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹಬ್ಬಿಕೊಳ್ಳುತ್ತದೆ. ಆಗ ಪರದೆಯ ಮೇಲೆ ನೀರೂ ಇರುವುದಿಲ್ಲ, ಗಾಳಿಯೂ ಇರುವುದಿಲ್ಲ, ಮಂಜಿನಂಥದ್ದೇನೋ ಇರುತ್ತದೆ. ಅದಕ್ಕೇ ಪ್ರತಿ ಹೆಜ್ಜೆಗೂ ಸುತ್ತಲಿನ ಮನೆಗಳ ಸಂಖ್ಯೆ ನೋಡಿ, ಈ ಮನೆಯೊಳಗೆ ಗೆರೆ ಯಾವ ಓರೆಯಲ್ಲಿ ಹಾದುಹೋಗಿರಬೇಕು ಎಂದು ಊಹಿಸಿ, ಒಂದು ಚಪ್ಪಟೆ ತುಣುಕನ್ನು ಕೂರಿಸುತ್ತೇವೆ. ಓರೆ ಗೆರೆಯ ಈ ಉಪಾಯವನ್ನು 1982ರಲ್ಲಿ ಯಂಗ್ಸ್ ರೂಢಿಗೆ ತಂದರು. ಈ ವಿಧಾನದಲ್ಲಿ ನನಗೆ ಬಹಳ ಹಿಡಿಸುವ ಗುಣ ಎಂದರೆ ಅದರ ಪ್ರಾಮಾಣಿಕತೆ: ಒಂದು ಮನೆಯಿಂದ ಹೋದ ನೀರು ಪಕ್ಕದ ಮನೆಗೆ ಸಂದೇ ಸಲ್ಲುತ್ತದೆ. ಜಮಾ ಖರ್ಚು ತಾಳೆಯಾಗುತ್ತದೆ. ಬಾಟಲಿಯ ನೀರು ಲೆಕ್ಕದ ನಡುವೆ ಕರಗಿಹೋಗುವುದಿಲ್ಲ.

1988ರಲ್ಲಿ ಓಶರ್ ಮತ್ತು ಸೆಥಿಯನ್ ಇನ್ನೊಂದು ದಾರಿ ತೋರಿಸಿದರು. ಪ್ರತಿ ಮನೆಗೂ ಅದು ಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬ ಸಂಖ್ಯೆ ಕೊಡಿ. ನೀರಿನೊಳಗಾದರೆ ಧನ, ಗಾಳಿಯೊಳಗಾದರೆ ಋಣ. ಸೊನ್ನೆ ಎಲ್ಲಿ ಬರುತ್ತದೋ ಅಲ್ಲಿ ಗೆರೆ. ಬೆಟ್ಟದ ನಕ್ಷೆಯಲ್ಲಿ ಸಮುದ್ರಮಟ್ಟದ ಗೆರೆ ಎಳೆದಂತೆ. ಎರಡು ಹನಿ ಕೂಡಿದರೆ ಎರಡು ದ್ವೀಪಗಳು ತಾವಾಗಿಯೇ ಒಂದಾಗುತ್ತವೆ, ನಾವು ಏನೂ ಮಾಡಬೇಕಾಗಿಲ್ಲ. ಗೆರೆ ನಯವಾಗಿರುತ್ತದೆ, ಅದರ ಬಾಗು ಎಷ್ಟು ಎಂದು ಅಳೆಯುವುದು ಸಲೀಸು. ಆದರೆ ಇಲ್ಲಿ ಜಮಾ ಖರ್ಚಿಗೆ ಕಾವಲಿಲ್ಲ. ಸಣ್ಣ ಹನಿಗಳು ಹೆಜ್ಜೆ ಹೆಜ್ಜೆಗೂ ಸವೆದು ಕಾಣೆಯಾಗಿಬಿಡುತ್ತವೆ. ಒಂದರ ಗುಣ ಇನ್ನೊಂದರ ಕೊರತೆಯನ್ನು ತುಂಬಲಿ ಎಂದು ಎರಡನ್ನೂ ಜೋಡಿಸಿ ನಡೆಸುವವರಿದ್ದಾರೆ. ಮನೆಗಳನ್ನೇ ಬಿಟ್ಟು, ನೀರನ್ನು ಕಣಗಳ ಗುಂಪಾಗಿ ನೋಡುವ ವಿಧಾನವೂ ಇದೆ. 1977ರಲ್ಲಿ ನಕ್ಷತ್ರಗಳ ಲೆಕ್ಕಕ್ಕಾಗಿ ಹುಟ್ಟಿ, ಆಮೇಲೆ ನೀರಿಗೆ ಇಳಿದು ಬಂದದ್ದು ಅದು. ಅಲೆ ಬಡಿಯುವ, ನೀರು ಎರಚುವ ದೊಡ್ಡ ದೃಶ್ಯಗಳಿಗೆ ಅದು ಚೆನ್ನ. ಅದರ ವಿವರಕ್ಕೆ ಇವತ್ತು ಹೋಗುವುದಿಲ್ಲ.

ಗೆರೆಯನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗೆರೆಗೆ ತನ್ನದೇ ಬಲವಿದೆ. ಮೇಲ್ಮೈ ಎಳೆತ ಎಂದು ಶಾಲೆಯಲ್ಲಿ ಓದಿದ್ದೀರಿ. ನೀರಿನ ಮೇಲ್ಮೈ ಬಿಗಿದ ಪೊರೆಯ ಹಾಗೆ ಯಾವಾಗಲೂ ಕುಗ್ಗಲು ನೋಡುತ್ತದೆ. ಕೋಣೆಯ ತಾಪಮಾನದಲ್ಲಿ ಈ ಎಳೆತ ಮೀಟರಿಗೆ ಸುಮಾರು 0.072 ನ್ಯೂಟನ್. ಬಹಳ ಸಣ್ಣ ಸಂಖ್ಯೆ. ಆದರೆ ಯಂಗ್ ಮತ್ತು ಲಾಪ್ಲಾಸ್ 19ನೇ ಶತಮಾನದ ಆರಂಭದಲ್ಲೇ ಕಂಡುಕೊಂಡಂತೆ, ಮೇಲ್ಮೈ ಎಷ್ಟು ಬಾಗಿರುತ್ತದೋ ಒಳಗಿನ ಒತ್ತಡ ಅಷ್ಟು ಹೆಚ್ಚು. ನೀರಿನಲ್ಲಿರುವ 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆಯೊಳಗೆ ಹೊರಗಿಗಿಂತ 144 ಪಾಸ್ಕಲ್ ಹೆಚ್ಚು ಒತ್ತಡ. ಅದನ್ನು 1 ಮೈಕ್ರಾನಿಗೆ ಇಳಿಸಿ ನೋಡಿ: 1,44,000 ಪಾಸ್ಕಲ್. ನಮ್ಮ ಸುತ್ತಲಿನ ವಾತಾವರಣದ ಒತ್ತಡಕ್ಕಿಂತಲೂ ಅದು ಜಾಸ್ತಿ. ಹಾಗಾಗಿ ಸಣ್ಣ ಹನಿಗಳ ಲೋಕದಲ್ಲಿ ಗುರುತ್ವಕ್ಕೆ ಬೆಲೆಯಿಲ್ಲ, ಎಳೆತದ್ದೇ ದರ್ಬಾರು.

ಇಲ್ಲೊಂದು ಅನುಭವ ಹೇಳಬೇಕು. ನಾನು ಮೊದಲ ಸಲ ಇಂಥ ಪ್ರೋಗ್ರಾಂ ಬರೆದಾಗ ಅದಕ್ಕೆ ಅತ್ಯಂತ ಸುಲಭದ ಪರೀಕ್ಷೆ ಕೊಟ್ಟೆ. ಗುರುತ್ವವಿಲ್ಲ, ಗಾಳಿ ಬೀಸುತ್ತಿಲ್ಲ, ಮಧ್ಯದಲ್ಲಿ ಒಂದು ದುಂಡನೆಯ ಹನಿ. ಅದು ಸುಮ್ಮನೆ ಕೂತಿರಬೇಕು, ಅಷ್ಟೇ. ರಾತ್ರಿ ನಡೆಯಲು ಬಿಟ್ಟು ಬೆಳಿಗ್ಗೆ ಬಂದು ನೋಡಿದರೆ ಹನಿಯ ಸುತ್ತ ಸುಳಿಗಳು ಎದ್ದಿದ್ದವು. ಯಾರೂ ಮುಟ್ಟದ ಹನಿ ನಡುಗುತ್ತಾ ಜಾಗ ಬಿಟ್ಟು ಸರಿದಿತ್ತು. ತಪ್ಪು ಎಲ್ಲಿದೆ ಎಂದು ವಾರಗಟ್ಟಲೆ ಹುಡುಕಿದೆ. ಬರೆದ ಸಾಲುಗಳಲ್ಲಿ ತಪ್ಪಿರಲಿಲ್ಲ. ಹನಿಯೊಳಗಿನ ಒತ್ತಡ ಹೊರಕ್ಕೆ ತಳ್ಳುತ್ತದೆ, ಮೇಲ್ಮೈ ಎಳೆತ ಒಳಕ್ಕೆ ಎಳೆಯುತ್ತದೆ, ನಿಜದ ಹನಿಯಲ್ಲಿ ಇವೆರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿತೂಗುತ್ತವೆ. ನನ್ನ ಲೆಕ್ಕದಲ್ಲಿ ಒತ್ತಡವನ್ನು ಒಂದು ಜಾಗದಲ್ಲಿ ಅಳೆದಿದ್ದೆ, ಎಳೆತವನ್ನು ಅರ್ಧ ಮನೆ ಪಕ್ಕದಲ್ಲಿ. ಅಷ್ಟು ಸಾಕಾಯಿತು. ಉಳಿದುಹೋದ ಚೂರು ಬಲ ಹಗುರವಾದ ಗಾಳಿಯ ಮೇಲೆ ಬಿದ್ದು, ಇಲ್ಲದ ಸುಳಿಯನ್ನು ಎಬ್ಬಿಸಿತ್ತು. ಈ ಸುಳ್ಳು ಸುಳಿಗಳು ಈ ಕ್ಷೇತ್ರದಲ್ಲಿ ಎಲ್ಲರನ್ನೂ ಕಾಡಿದವು. ಎರಡು ಬಲಗಳನ್ನೂ ಒಂದೇ ಜಾಗದಲ್ಲಿ, ಒಂದೇ ರೀತಿ ಅಳೆದು, ಬಾಗನ್ನು ನಿಖರವಾಗಿ ಕೊಟ್ಟರೆ ಅವು ಅಡಗುತ್ತವೆ. ಫ್ರಾನ್ಸಿನ ಸ್ಟೆಫಾನ್ ಪೊಪಿನೆ 2009ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು: ಹನಿಗೆ ಸಾವರಿಸಿಕೊಳ್ಳಲು ಸಾಕಷ್ಟು ಸಮಯ ಕೊಟ್ಟರೆ ಸುಳಿಗಳು ಕಂಪ್ಯೂಟರ್ ಅಳೆಯಬಲ್ಲ ಕಟ್ಟಕಡೆಯ ಅಂಕೆಯವರೆಗೆ ಇಳಿದುಹೋಗುತ್ತವೆ. ಅವತ್ತಿನಿಂದ ಯಾರಾದರೂ ಅಬ್ಬರದ ಅಲೆಯ ಚಿತ್ರ ತೋರಿಸಿದರೆ ನಾನು ಮೊದಲು ಕೇಳುವುದು, ನಿಮ್ಮ ಹನಿ ಸುಮ್ಮನೆ ಕೂರುತ್ತದೆಯೇ ಎಂದು.

ಈಗ ಖರ್ಚಿನ ಮಾತು. ಬಾಟಲಿಯೊಳಗೆ ಪ್ರತಿ ಬದಿಗೆ 10 ಸೆಂಟಿಮೀಟರಿನ ಜಾಗ ತೆಗೆದುಕೊಳ್ಳೋಣ. ಮನೆಯ ಬದಿ 0.1 ಮಿಲಿಮೀಟರ್ ಇರಲಿ. ಒಂದು ಬದಿಗೆ 1000 ಮನೆ, ಒಟ್ಟು 100 ಕೋಟಿ. ಕಾಲದ ಹೆಜ್ಜೆ ಎಷ್ಟಿರಬೇಕು? ನೀರಿನ ಮೇಲೆ ಮೇಲ್ಮೈ ಎಳೆತದಿಂದ ಏಳುವ ಕಿರುಅಲೆಗಳಿಗೆ ಒಂದು ವಿಚಿತ್ರ ಸ್ವಭಾವವಿದೆ: ಸಣ್ಣದಾದಷ್ಟೂ ವೇಗ ಹೆಚ್ಚು. ಮನೆಯನ್ನು ಸಣ್ಣದು ಮಾಡಿದಷ್ಟೂ ಇನ್ನೂ ಚುರುಕಾದ ಅಲೆಗಳು ಲೆಕ್ಕದೊಳಗೆ ಬರುತ್ತವೆ, ಅವುಗಳನ್ನು ಹಿಡಿಯಲು ಹೆಜ್ಜೆಯನ್ನೂ ಚಿಕ್ಕದು ಮಾಡಬೇಕು. 0.1 ಮಿಲಿಮೀಟರಿನ ಮನೆಗೆ ಹೆಜ್ಜೆ ಸುಮಾರು 33 ಮೈಕ್ರೋಸೆಕೆಂಡು ಮೀರುವಂತಿಲ್ಲ. ಒಂದು ಸೆಕೆಂಡಿಗೆ 30,000 ಹೆಜ್ಜೆ, ಪ್ರತಿ ಹೆಜ್ಜೆಗೂ 100 ಕೋಟಿ ಮನೆಗಳ ಲೆಕ್ಕ. ಮನೆಯ ಬದಿಯನ್ನು ಅರ್ಧ ಮಾಡಿದರೆ ಮನೆಗಳು 8 ಪಟ್ಟು, ಹೆಜ್ಜೆಗಳು 2.8 ಪಟ್ಟು, ಕೆಲಸ ಒಟ್ಟು 22 ಪಟ್ಟಿಗೂ ಹೆಚ್ಚು. 0.01 ಮಿಲಿಮೀಟರಿಗೆ ಇಳಿದರೆ 1 ಲಕ್ಷ ಕೋಟಿ ಮನೆಗಳು, ಸುಮಾರು 10 ಲಕ್ಷ ಹೆಜ್ಜೆಗಳು. ಇದು ಸಣ್ಣ ಮಾತಲ್ಲ.

ಈ ಹೊರೆ ಇಳಿಸಲು ಕಂಡುಕೊಂಡ ಉಪಾಯ ಅಂದವಾದದ್ದು. ಎಲ್ಲ ಕಡೆಯೂ ಸಣ್ಣ ಮನೆ ಯಾಕೆ ಬೇಕು? ನೀರಿನ ಆಳದಲ್ಲಿ ಏನೂ ನಡೆಯದ ಕಡೆ ದೊಡ್ಡ ಮನೆ ಇರಲಿ, ಗೆರೆಯ ಆಚೀಚೆ ಮಾತ್ರ ಒಂದು ಮನೆಯನ್ನು ಎಂಟಾಗಿ, ಆ ಎಂಟರಲ್ಲಿ ಪ್ರತಿಯೊಂದನ್ನೂ ಮತ್ತೆ ಎಂಟಾಗಿ ಒಡೆಯುತ್ತಾ ಹೋಗೋಣ. ಗೆರೆ ಸರಿದರೆ ಒಡೆದ ಮನೆಗಳನ್ನು ಮತ್ತೆ ಕೂಡಿಸೋಣ. ಗೆರೆ ಹೋದಲ್ಲೆಲ್ಲ ಸಣ್ಣ ಮನೆಗಳು ಹಿಂದೆ ಹಿಂದೆಯೇ ಹೋಗುತ್ತವೆ. ಪೊಪಿನೆಯವರ ಗೆರಿಸ್, ಆಮೇಲೆ ಬಂದ ಬ್ಯಾಸಿಲಿಸ್ಕ್ ಎರಡೂ ಹೀಗೇ ನಡೆಯುತ್ತವೆ. ಎರಡೂ ಉಚಿತ, ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಓಪನ್‌ಫೋಮ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕೂಡ ಹಾಗೆಯೇ ಮುಕ್ತವಾಗಿದೆ. ಕಲಿಯುವ ಮನಸ್ಸಿರುವವರಿಗೆ ಇವತ್ತು ಬಾಗಿಲು ತೆರೆದಿದೆ ಎನ್ನುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ಮೊದಲು ಗಾಳಿಯನ್ನು ಖಾಲಿ ಎಂದು ಬಿಟ್ಟಿದ್ದರು ಎಂದೆ. ಅದು ತಪ್ಪೇ? ಒಡೆದ ಅಣೆಕಟ್ಟೆಯಿಂದ ನೀರು ನುಗ್ಗುವುದನ್ನು ಲೆಕ್ಕ ಹಾಕುವಾಗ ಗಾಳಿಯನ್ನು ಬಿಟ್ಟರೂ ನಡೆಯುತ್ತದೆ. ನಿಂತ ನೀರಿನ ಕಂಬ ಕುಸಿದು ಹರಿಯುವುದನ್ನು ಮಾರ್ಟಿನ್ ಮತ್ತು ಮಾಯ್ಸ್ 1952ರಲ್ಲಿ ಅಳೆದರು. ಆ ಅಳತೆಗಳಿಗೆ ಇವತ್ತಿಗೂ ಹೊಸ ಪ್ರೋಗ್ರಾಂಗಳನ್ನು ತಾಳೆ ನೋಡುತ್ತಾರೆ, ಮೊದಮೊದಲ ಕ್ಷಣಗಳಲ್ಲಿ ಗಾಳಿ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣದು. ಆದರೆ ಹನಿಯ ವಿಷಯ ಬೇರೆ. 2005ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಶು, ಝಾಂಗ್ ಮತ್ತು ನಾಗೆಲ್ ಆಲ್ಕೋಹಾಲಿನ ಹನಿಯನ್ನು ಒಣಗಿದ ನುಣುಪು ಗಾಜಿನ ಮೇಲೆ ಬೀಳಿಸಿದರು. ಹನಿ ಬಡಿದು ಕಿರೀಟದಂತೆ ಎದ್ದು ಚಿಮ್ಮಿತು. ಆಮೇಲೆ ಕೋಣೆಯೊಳಗಿನ ಗಾಳಿಯನ್ನು ಹೊರಗೆಳೆಯುತ್ತಾ ಬಂದರು. ಒಂದು ಹಂತ ದಾಟಿದ ಮೇಲೆ ಅದೇ ಎತ್ತರದಿಂದ, ಅದೇ ವೇಗದಲ್ಲಿ ಬಿದ್ದ ಹನಿ ಚಿಮ್ಮಲೇ ಇಲ್ಲ. ಸದ್ದಿಲ್ಲದೆ ಹರಡಿಕೊಂಡಿತು. ದ್ರವಕ್ಕಿಂತ ನೂರಾರು ಪಟ್ಟು ಹಗುರವಾದ ಗಾಳಿ ಆ ಕಿರೀಟವನ್ನು ಎತ್ತುತ್ತಿತ್ತು! ನಾನು ಈ ಪ್ರಬಂಧ ಓದಿದ ದಿನ ಗಾಳಿಯನ್ನು ಖಾಲಿ ಎಂದು ಕರೆಯುವುದನ್ನು ಬಿಟ್ಟೆ.

ಹನಿಯ ಸದ್ದಿನದೂ ಇಂಥದೇ ಕಥೆ. ನಲ್ಲಿಯಿಂದ ತೊಟ್ಟಿಕ್ಕುವ ಹನಿ ನೀರಿಗೆ ಬಿದ್ದಾಗ ಕೇಳುವ ಟಪ್ ಎಂಬ ಶಬ್ದ ಹನಿ ಬಡಿದದ್ದರಿಂದ ಬರುವುದಿಲ್ಲ. ಹನಿ ತೋಡಿದ ಗುಳಿ ಮುಚ್ಚಿಕೊಳ್ಳುವಾಗ ತಳದಲ್ಲಿ ಒಂದು ಸಣ್ಣ ಗುಳ್ಳೆ ಸಿಕ್ಕಿಕೊಳ್ಳುತ್ತದೆ, ಆ ಗುಳ್ಳೆ ಕುಗ್ಗಿ ಹಿಗ್ಗಿ ಕಂಪಿಸುತ್ತದೆ, ನಾವು ಕೇಳುವುದು ಅದನ್ನು. ಗುಳ್ಳೆಯ ಅಳತೆಯಿಂದ ಅದರ ಸ್ವರವನ್ನು ಹೇಳುವ ಸೂತ್ರವನ್ನು ಮಿನಾರ್ಟ್ 1933ರಲ್ಲಿ ಕೊಟ್ಟರು: 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆಗೆ ಸೆಕೆಂಡಿಗೆ ಸುಮಾರು 3,300 ಕಂಪನ. ನಾವು ಲೆಕ್ಕ ಹಗುರವಾಗಲಿ ಎಂದು ಗಾಳಿಯೂ ಕುಗ್ಗುವುದಿಲ್ಲ ಎಂದು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತೇವೆ. ಹಾಗೆ ಇಟ್ಟುಕೊಂಡ ಲೆಕ್ಕದ ಗುಳ್ಳೆ ಆಕಾರದಲ್ಲಿ ಎಷ್ಟೇ ಸರಿಯಾಗಿದ್ದರೂ ಮೂಕ ಗುಳ್ಳೆ. ಅದಕ್ಕೆ ದನಿ ಬೇಕಾದರೆ ಗಾಳಿಗೆ ಕುಗ್ಗುವ ಸ್ವಾತಂತ್ರ್ಯ ಕೊಡಬೇಕು, ಖರ್ಚು ಮತ್ತೆ ಏರುತ್ತದೆ.

ಇಲ್ಲಿಯವರೆಗೆ ಹೇಳಿದ ಕಷ್ಟಗಳಿಗೆಲ್ಲ ಮದ್ದಿದೆ. ಮದ್ದಿಲ್ಲದ್ದು ಒಂದಿದೆ, ಅದನ್ನು ಮುಚ್ಚಿಡಬಾರದು. ನೀರು ಎರಡು ರೀತಿಯಲ್ಲಿ ಹರಿಯುತ್ತದೆ, ಅಂದರೆ ತುಂಡಾಗುತ್ತದೆ. ಒಂದು, ಎಳೆ ಕಡಿದು ಹನಿಯಾಗುವುದು. ಎಳೆಯ ಮೇಲಿನ ಏರಿಳಿತದ ಉದ್ದ ಎಳೆಯ ಸುತ್ತಳತೆಯನ್ನು ಮೀರಿದರೆ ಮೇಲ್ಮೈ ಎಳೆತ ಅದನ್ನು ಹಿಸುಕಿ ತುಂಡರಿಸುತ್ತದೆ. 19ನೇ ಶತಮಾನದಲ್ಲೇ ಪ್ಲೇಟೋ ಎಂಬ ಬೆಲ್ಜಿಯಂ ವಿಜ್ಞಾನಿ ಮತ್ತು ರ‍್ಯಾಲೆ ಇದನ್ನು ಅರ್ಥಮಾಡಿಕೊಂಡರು. ಇಲ್ಲಿ ಎಳೆ ತಾನಾಗಿಯೇ ಸೊನ್ನೆಯ ಕಡೆಗೆ ಓಡುತ್ತದೆ, ಕಂಪ್ಯೂಟರ್ ಕೊನೆಯ ಕ್ಷಣದಲ್ಲಿ ತುಸು ಮುಂಚೆ ಕತ್ತರಿಸಿದರೂ ಹನಿಯ ಗಾತ್ರ ಅಷ್ಟಾಗಿ ಬದಲಾಗದು. ಇದನ್ನು ನಾನು ನಂಬುತ್ತೇನೆ. ಎರಡನೆಯದು ಹಾಳೆ ತೂತಾಗುವುದು, ಅಥವಾ ಎರಡು ಹನಿಗಳ ನಡುವಿನ ಗಾಳಿಯ ಪೊರೆ ಹರಿದು ಅವು ಕೂಡುವುದು. ನಿಜದಲ್ಲಿ ಆ ಪೊರೆ ಹತ್ತಾರು ನ್ಯಾನೋಮೀಟರಿಗೆ ತೆಳುವಾದ ಮೇಲೆ ಅಣುಗಳ ನಡುವಿನ ಬಲ ಅದನ್ನು ಹರಿಯುತ್ತದೆ. ಕಂಪ್ಯೂಟರಿನಲ್ಲಿ ಪೊರೆ ಒಂದು ಮನೆಯಷ್ಟು ತೆಳುವಾದ ಕೂಡಲೇ ತೂತು ಬೀಳುತ್ತದೆ. ಮನೆ ದೊಡ್ಡದಿದ್ದರೆ ಬೇಗ, ಸಣ್ಣದಿದ್ದರೆ ತಡವಾಗಿ. ತೂತು ಬೀಳುವ ಗಳಿಗೆಯನ್ನು ನಿಸರ್ಗದ ಬದಲು ನಮ್ಮ ಮನೆಯ ಅಳತೆ ತೀರ್ಮಾನಿಸುತ್ತದೆ. ನ್ಯಾಯವಾಗಿ ಮಾಡೋಣ ಎಂದರೆ, 1 ಮಿಲಿಮೀಟರಿನ ಹನಿಗೆ 10 ನ್ಯಾನೋಮೀಟರಿನ ಮನೆ ಹಾಕಿದರೆ ಒಂದು ಬದಿಗೆ 1 ಲಕ್ಷ ಮನೆ, ಒಟ್ಟು ಹತ್ತು ಕೋಟಿ ಕೋಟಿ. ಗೆರೆಯ ಹತ್ತಿರ ಮಾತ್ರ ಒಡೆದರೂ ಇದು ಕೈಗೆ ಸಿಗುವ ಮಾತಲ್ಲ. ಆದ್ದರಿಂದ ಕುಲುಕಿದ ಬಾಟಲಿಯಲ್ಲಿ ಎಷ್ಟು ಹನಿಗಳು ಎಂದು ಯಾರಾದರೂ ಒಂದು ಸಂಖ್ಯೆ ಹೇಳಿದರೆ, ಮನೆಯ ಅಳತೆ ಅರ್ಧ ಮಾಡಿದಾಗಲೂ ಅದೇ ಸಂಖ್ಯೆ ಬಂತೇ ಎಂದು ಕೇಳಿ.

ಚಿತ್ರದ ಚಂದಕ್ಕೆ ಮರುಳಾಗುವುದು ಕಂಪ್ಯೂಟರ್ ಬಂದ ಮೇಲೆ ಶುರುವಾದ ರೋಗವೂ ಅಲ್ಲ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಆರ್ಥರ್ ವರ್ದಿಂಗ್ಟನ್ ಕತ್ತಲ ಕೋಣೆಯಲ್ಲಿ ಹನಿ ಬೀಳಿಸಿ, ವಿದ್ಯುತ್ ಕಿಡಿಯ ಒಂದು ಮಿಂಚಿನಲ್ಲಿ ಕಂಡದ್ದನ್ನು ಕೈಯಿಂದ ಬಿಡಿಸುತ್ತಿದ್ದರು. ವರ್ಷಗಟ್ಟಲೆ ಬಿಡಿಸಿದ ಆ ಚಿತ್ರಗಳಲ್ಲಿ ಹನಿಯ ಕಿರೀಟ ಸುತ್ತಲೂ ಸಮನಾಗಿ, ಎಸಳು ಎಣಿಸಿ ಇಟ್ಟಂತೆ ಇತ್ತು. 1894ರ ಹೊತ್ತಿಗೆ ಅದೇ ಕ್ಷಣವನ್ನು ಫೋಟೋದಲ್ಲಿ ಹಿಡಿಯಲು ಸಾಧ್ಯವಾಯಿತು. ಫೋಟೋದಲ್ಲಿ ಕಿರೀಟ ಸೊಟ್ಟ, ಎಸಳುಗಳು ಏರುಪೇರು. ಕಣ್ಣು ಅಷ್ಟು ವರ್ಷ ಓರೆಕೋರೆಯನ್ನು ತಿದ್ದಿಕೊಂಡೇ ನೋಡಿತ್ತು. ವರ್ದಿಂಗ್ಟನ್ ಅದನ್ನು ಮುಚ್ಚಿಡದೆ ಒಪ್ಪಿಕೊಂಡರು, ಅದಕ್ಕಾಗಿ ನನಗೆ ಅವರ ಮೇಲೆ ಬಹಳ ಗೌರವ. ನಾವು ಲೆಕ್ಕ ಉಳಿಸಲು ಹನಿಯ ಕಾಲು ಭಾಗವನ್ನಷ್ಟೇ ಲೆಕ್ಕ ಹಾಕಿ ಕನ್ನಡಿಯಲ್ಲಿ ನಾಲ್ಕಾಗಿ ಮಾಡಿ ತೋರಿಸುವಾಗಲೆಲ್ಲ ಆ ಚಿತ್ರಗಳು ನೆನಪಾಗುತ್ತವೆ. ಸಿನಿಮಾದ ಸಮುದ್ರಗಳಿಗೂ ಇವೇ ಸಮೀಕರಣ, ಇವೇ ಗೆರೆಯ ಉಪಾಯಗಳು ಬಳಕೆಯಾಗುತ್ತವೆ. ಅಲ್ಲಿ ಅಲೆ ಕಣ್ಣಿಗೆ ಒಪ್ಪಿದರೆ ಸಾಕು, ಅದು ಆ ಕೆಲಸದ ಧರ್ಮ. ಹಡಗನ್ನು ಅಥವಾ ಅಣೆಕಟ್ಟೆಯ ಕೋಡಿಯನ್ನು ಕಟ್ಟುವವರಿಗೆ ಅಷ್ಟು ಸಾಲದು.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಗಾಳಿ ನೀರಿನ ಗೆರೆ ಭೂಮಿಯ ಮೇಲೆ ಸಣ್ಣದೇನಲ್ಲ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಈ ಗೆರೆಯ ಮೂಲಕವೇ ಒಳಗೆಳೆದುಕೊಳ್ಳುತ್ತದೆ. ಅಲೆ ಮುರಿದಾಗ ಒಳಹೋಗುವ ಗುಳ್ಳೆಗಳು ಆ ಕೆಲಸಕ್ಕೆ ಕೈ ಜೋಡಿಸುತ್ತವೆ, ಮೇಲೆದ್ದು ಒಡೆಯುವಾಗ ಉಪ್ಪಿನ ಕಣಗಳನ್ನು ಗಾಳಿಗೆ ಎಸೆಯುತ್ತವೆ, ಮೋಡ ಕಟ್ಟಲು ಅವು ಬೀಜವಾಗುತ್ತವೆ. ಡೀನ್ ಮತ್ತು ಸ್ಟೋಕ್ಸ್ 2002ರಲ್ಲಿ ಮುರಿಯುವ ಅಲೆಯೊಳಗಿನ ಗುಳ್ಳೆಗಳನ್ನು ಎಣಿಸಿ, ಸುಮಾರು 1 ಮಿಲಿಮೀಟರಿನ ಆಚೆ ಒಂದು ನಿಯಮ, ಈಚೆ ಇನ್ನೊಂದು ನಿಯಮ ನಡೆಯುತ್ತದೆ ಎಂದು ತೋರಿಸಿದರು. (ಈ ಸ್ಟೋಕ್ಸ್ ಸಮೀಕರಣದ ಸ್ಟೋಕ್ಸ್ ಅಲ್ಲ.) ಆ 1 ಮಿಲಿಮೀಟರ್ ಎಲ್ಲಿ ಬರುತ್ತದೆಂದರೆ, ನೀರಿನ ಅಲ್ಲೋಲಕಲ್ಲೋಲ ಗುಳ್ಳೆಯನ್ನು ಹರಿಯುವಷ್ಟು ಬಲವಾಗಿರುವುದು ಮುಗಿದು, ಮೇಲ್ಮೈ ಎಳೆತ ಅದನ್ನು ಕಾಪಾಡುವುದು ಶುರುವಾಗುವಲ್ಲಿ. ಒಂದು ಅಲೆ ಮೀಟರುಗಟ್ಟಲೆ, ಅದರ ಫಲ ಮಿಲಿಮೀಟರಿನ ಕೆಳಗೆ. ಎರಡನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುವುದು ಈ ಕ್ಷೇತ್ರದವರ ಇವತ್ತಿನ ದೊಡ್ಡ ಹಂಬಲ.

ಬಾಟಲಿಗೆ ಬರೋಣ. ಇದನ್ನು ಕುಲುಕಿದ ಆ ಸೆಕೆಂಡನ್ನು ಹನಿ ಹನಿಯಾಗಿ ಲೆಕ್ಕ ಹಾಕಲು ಇವತ್ತು ಸಾಧ್ಯವಿಲ್ಲ. ನೀರು ಒಟ್ಟಾರೆ ಎತ್ತ ನುಗ್ಗುತ್ತದೆ, ಗಾಜಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಹೇಳಬಹುದು. ಆದರೆ ಇದರೊಳಗಿನ ಒಂದೇ ಒಂದು ಗುಳ್ಳೆಯನ್ನು ಕೇಳಿ, ಅದಕ್ಕೆ ಉತ್ತರವಿದೆ. ನೀರಿನಲ್ಲಿ ಮೇಲೇರುವ ಗುಳ್ಳೆ ಕೆಲವೊಮ್ಮೆ ನೇರ ಹೋಗದೆ ಹಾವಿನಂತೆ ಅತ್ತಿತ್ತ ಹೊರಳುವುದನ್ನು ಲಿಯೊನಾರ್ಡೊ ಡ ವಿಂಚಿ ಐದು ಶತಮಾನಗಳ ಹಿಂದೆಯೇ ಗಮನಿಸಿ ಬರೆದಿಟ್ಟಿದ್ದ. ಯಾಕೆ ಎಂಬುದು ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. 2023ರಲ್ಲಿ ಹೆರಾಡಾ ಮತ್ತು ಎಗರ್ಸ್ ಚೌಕದ ಮನೆಗಳನ್ನು ಬಿಟ್ಟು, ಗುಳ್ಳೆಯ ಮೇಲ್ಮೈ ಜೊತೆಗೇ ಬಾಗುವ ಜಾಲರಿ ಹೆಣೆದು ಲೆಕ್ಕ ಹಾಕಿದರು. ಗೆರೆಯನ್ನು ಊಹಿಸುವ ಗೋಜೇ ಇಲ್ಲ, ಜಾಲರಿಯ ಅಂಚೇ ಗೆರೆ. ಗುಳ್ಳೆಯ ತ್ರಿಜ್ಯ 0.926 ಮಿಲಿಮೀಟರ್ ದಾಟಿದ ಕೂಡಲೇ ನೇರದಾರಿ ಕೆಡುತ್ತದೆ ಎಂದು ಬಂತು. ಗುಳ್ಳೆ ಒಂದು ಕಡೆ ವಾಲುತ್ತದೆ, ವಾಲಿದಾಗ ಒಂದು ಬದಿ ಹೆಚ್ಚು ಬಾಗುತ್ತದೆ, ಬಾಗಿದ ಕಡೆ ನೀರು ಜೋರಾಗಿ ಹರಿದು ಅಲ್ಲಿ ಒತ್ತಡ ಇಳಿಯುತ್ತದೆ, ಆ ಏರುಪೇರು ಗುಳ್ಳೆಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ, ಅಲ್ಲಿಂದ ಮತ್ತೆ ವಾಲುವುದು ಶುರು. ಅತಿ ಶುದ್ಧ ನೀರಿನಲ್ಲಿ ಮಾಡಿದ ಅಳತೆಗಳಿಗೆ ಈ ಲೆಕ್ಕ ಹೊಂದುತ್ತದೆ. ನನ್ನ ಬಾಟಲಿಯ ನೀರು ಅಷ್ಟು ಶುದ್ಧವಲ್ಲ, ಕಣ್ಣಿಗೆ ಕಾಣದ ಕಲ್ಮಶ ಗುಳ್ಳೆಯ ಮೈಗೆ ಹತ್ತಿಕೊಂಡು ಅದನ್ನು ಗಡುಸು ಮಾಡಿರುತ್ತದೆ, ಹಾಗಾಗಿ ಅಳತೆ ಸ್ವಲ್ಪ ಆಚೀಚೆ ಆದೀತು. ಆದರೂ ಹತ್ತಿರ ಬಂದು ನೋಡಿ, ಇನ್ನೊಮ್ಮೆ ಕುಲುಕುತ್ತೇನೆ. ಸಾಸಿವೆಯಷ್ಟು ಸಣ್ಣವು ನೆಟ್ಟಗೆ ಏರುತ್ತಿವೆ. ಆ ದೊಡ್ಡದು ನೋಡಿ, ಎಡಕ್ಕೆ ವಾಲಿತು, ಈಗ ಬಲಕ್ಕೆ.